ಅಯಾನುಗಳಿಗೆ ತೆಂಗಿನೆಣ್ಣೆ

ನನಗೊಂದು ಕೆಟ್ಟ ನಂಬಿಕೆಯಿದೆ. ಜಗತ್ತಿನಲ್ಲಿ ಏನೇ ಹಟ ಹಿಡಿದು ಕೂತಿದ್ದರೂ ತೆಂಗಿನೆಣ್ಣೆ ಹಚ್ಚಿದರೆ ದಾರಿಗೆ ಬರುತ್ತದೆ ಎಂಬುದು. ಕಿರುಗುಟ್ಟುವ ಬಾಗಿಲು, ಸಿಕ್ಕಿಬಿದ್ದ ಜಿಪ್ಪು, ಹಲಸು ಕೊಯ್ಯುವ ಕೈ, ಬೆರಳಿನಿಂದ ಕಳಚದ ಮದುವೆಯುಂಗುರ, ಎಲ್ಲಕ್ಕೂ ನಮ್ಮ ಶಕ್ತಿನಗರದ ಮನೆಯಲ್ಲಿ ಅದೇ ಮದ್ದು. ಈ ಮದ್ದಿನಿಂದಲೇ ನನ್ನ ಕೆಲಸ ಹೋಯಿತು.

ಕೊಡಿಯಾಲ್‌ಬೈಲಿನ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದೆ. ಹನ್ನೊಂದು ವರ್ಷ ಉಳಿದ ಅತಿಥಿಗೆ ಯಾರೂ ಎಲೆ ಹಾಕುವುದಿಲ್ಲ ಬಿಡಿ. ಅಲ್ಲಿ ಮೂರು ವರ್ಷ ಕೂತು ಅಯಾನು ಕಿರಣದ ಯಂತ್ರವೊಂದನ್ನು ಕಟ್ಟಿದ್ದೆ. ಈ ಅಯಾನುಗಳೆಲ್ಲ ಒಂದೇ ವಿದ್ಯುದಾವೇಶ ಹೊತ್ತ ಕಣಗಳು. ಹಾಗಾಗಿಯೇ ಒಂದನ್ನು ಕಂಡರೆ ಒಂದಕ್ಕೆ ಆಗುವುದಿಲ್ಲ, ಒಟ್ಟಿಗೆ ಹೊರಟರೂ ನಡುದಾರಿಯಲ್ಲಿ ಚದರುತ್ತವೆ. ದಾರಿಯಲ್ಲಿ ಪ್ಲಾಸ್ಮಾ ಎಂಬ ಅನಿಲ ಇಟ್ಟರೆ ಅದರ ವಿರುದ್ಧ ಆವೇಶದ ಎಲೆಕ್ಟ್ರಾನುಗಳು ನಡುವೆ ನುಗ್ಗಿ ಸಮಾಧಾನ ಮಾಡುತ್ತವೆ, ಕಿರಣ ಒಟ್ಟಾಗಿ ಒಂದೇ ಚುಕ್ಕೆಗೆ ಬಂದು ಬೀಳುತ್ತದೆ. ನಮ್ಮ ವಿಭಾಗದಲ್ಲಿ ಆ ಎಲೆಕ್ಟ್ರಾನುಗಳ ಕೆಲಸವೂ ನನ್ನದೇ. ಹೆಡ್ ಸರ್‌ಗೂ ಲ್ಯಾಬ್ ಉಸ್ತುವಾರಿಯ ಭಾಸ್ಕರ ಸರ್‌ಗೂ ಆರು ವರ್ಷದಿಂದ ಮಾತಿಲ್ಲ. "ಫ್ಯಾನ್ ಆಫ್ ಮಾಡ್ಲಿಕ್ಕೆ ಹೇಳಿ ಅವರಿಗೆ" ಎಂದು ಹೆಡ್ ಸರ್ ನನಗೆ ಹೇಳುವರು. "ನನಗೆ ಸೆಕೆ ಆಗ್ತದೆ ಅಂತ ಹೇಳಿ" ಎಂದು ಎದುರಿಗೇ ಕೂತ ಭಾಸ್ಕರ ಸರ್ ಹೇಳುವರು. ಎರಡೂ ಕಿವಿಗೆ ಬಿದ್ದಿದ್ದರೂ ನಾನು ಮತ್ತೊಮ್ಮೆ ಹೇಳಬೇಕು.

ತಪಾಸಣಾ ಸಮಿತಿಯ ಎದುರು ಯಂತ್ರ ನಡೆದರೆ ನನ್ನನ್ನು ಖಾಯಂ ಮಾಡಲು ಇಬ್ಬರೂ ಬರೆಯುತ್ತೇವೆಂದಿದ್ದರು, ಬೇರೆ ಬೇರೆಯಾಗಿ. ಸಮಿತಿ ಬರುವ ಹಿಂದಿನ ದಿನ ಯಂತ್ರದ ಮುಚ್ಚಳದ ರಬ್ಬರ್ ರಿಂಗು ಸರಿಯಾಗಿ ಕೂರಲಿಲ್ಲ. ಅದಕ್ಕೆ ಹಚ್ಚುವ ಗ್ರೀಸು ಭಾಸ್ಕರ ಸರ್ ಕಪಾಟಿನಲ್ಲಿತ್ತು. "ಹೆಡ್ ಲೆಟರ್ ಕೊಡ್ಲಿ, ಕೊಡ್ತೇನೆ" ಎಂದರು. "ಅವರಿಗೆ ನಾನು ಲೆಟರ್ ಬರೀಬೇಕಾ? ಎಂತ ಮಾರಾಯ ನೀನು!" ಎಂದರು ಹೆಡ್ ಸರ್. ನನ್ನ ಚೀಲದಲ್ಲಿ ಹೆಂಡತಿ ತರಹೇಳಿದ್ದ ತೆಂಗಿನೆಣ್ಣೆಯ ಬಾಟಲಿಯಿತ್ತು. ಗಾಳಿಯ ಸುಳಿವೂ ಇರಬಾರದ ಯಂತ್ರಕ್ಕೆ ಎಣ್ಣೆ ತಾಗಿದರೆ ಅದು ಆವಿ ಬಿಡುತ್ತಲೇ ಇರುತ್ತದೆಂದು ಮಕ್ಕಳಿಗೆ ಪಾಠ ಹೇಳಿದವನು ನಾನೇ. ಆದರೂ ಬೆರಳಲ್ಲಿ ಸ್ವಲ್ಪ ಸವರಿದೆ. ರಿಂಗು ಎಷ್ಟು ಚೆಂದ ಕೂತಿತು ಗೊತ್ತೇ!

ಮರುದಿನ ಗಾಳಿ ಎಳೆಯುವ ಪಂಪು ಎರಡು ತಾಸು ಓಡಿದರೂ ಒತ್ತಡದ ಮುಳ್ಳು ಇಳಿಯಲಿಲ್ಲ, ಎಳ್ಳಿನಷ್ಟು ಚುಕ್ಕೆಯೂ ಮೂಡಲಿಲ್ಲ. ಮುಚ್ಚಳ ತೆಗೆಸಿದ ಸಮಿತಿಯ ಹಿರಿಯರು ಮೂಗು ಮುಂದೆ ಮಾಡಿ, "ಒಗ್ಗರಣೆ ಪರಿಮಳ ಉಂಟಲ್ಲ?" ಎಂದರು. ನಾನು ಒಪ್ಪಿಕೊಂಡೆ.

ಆಗ ಹೆಡ್ ಸರ್ ಆರು ವರ್ಷದಲ್ಲಿ ಮೊದಲ ಬಾರಿಗೆ ಆ ಕಡೆ ತಿರುಗಿದರು. "ನೋಡಿದ್ರಾ ಭಾಸ್ಕರ್, ಇವ ಮಾಡಿದ್ದು?"

"ನಾನು ಮೊದಲೇ ಹೇಳ್ಬೇಕೂಂತ ಇದ್ದೆ ಸರ್. ಇವರನ್ನು ನಂಬ್ಲಿಕ್ಕೆ ಆಗುದಿಲ್ಲ."

ಇಬ್ಬರೂ ಅಕ್ಕಪಕ್ಕ ಕೂತು ಚಹಾ ಕುಡಿದರು, ನನ್ನನ್ನು ಮುಂದಿನ ವರ್ಷಕ್ಕೆ ಬೇಡವೆಂದು ಒಂದೇ ಹಾಳೆಯಲ್ಲಿ ಬರೆದರು. ಕಿರಣ ಒಂದಿಷ್ಟೂ ಚದರದೆ ಗುರಿಗೆ ತಾಗಿದ್ದು ಅದೊಂದೇ ಸಲ. ಸಹಿ ಹಾಕುವಾಗ ಹೆಡ್ ಸರ್ ಜೇಬು ತಡವಿ, "ಪೆನ್ ಉಂಟಾ?" ಎಂದರು. ಹನ್ನೊಂದು ವರ್ಷದ ಅಭ್ಯಾಸ ನೋಡಿ, ನನ್ನದನ್ನು ತೆಗೆದು ಕೊಟ್ಟೆ. ಅವರ ಸಹಿಯಾದ ಮೇಲೆ ಅದನ್ನು ಭಾಸ್ಕರ ಸರ್ ಕೈಗೆ ದಾಟಿಸಿದವನೂ ನಾನೇ.