ಎಡಕ್ಕೆ ವಾಲಿದ ದೀಪಸ್ತಂಭ

ಇಟ್ಟಿಗೆರಾಯರು ತಮ್ಮ ಜೀವಮಾನದಲ್ಲಿ ಸಾಧಿಸಿದ್ದು ಒಂದೇ ಒಂದು. ಆದರೆ ಅದನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ, ಕೇಳಿದವರಿಗೆ ಅದೊಂದು ಸಾಧನೆಗಳ ಮೆರವಣಿಗೆಯಂತೆ ತೋರುತ್ತಿತ್ತು. ಬಹಳ ವರ್ಷಗಳ ಹಿಂದೆ, ಮಗ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಬೇಸಗೆಯಲ್ಲಿ, ಅವನ ಮನಸ್ಸನ್ನು ಹಗುರಗೊಳಿಸಲೆಂದು ಅವರು ಆಟಿಕೆಯ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಒಂದು ದೀಪಸ್ತಂಭವನ್ನು ಕಟ್ಟಿದ್ದರು. ಸಮುದ್ರದ ಅಂಚಿನಲ್ಲಿ ನಿಂತು ಹಡಗುಗಳಿಗೆ ದಾರಿ ತೋರುತ್ತದಲ್ಲ, ಅಂಥದ್ದು. ಆ ಕಾಲದಲ್ಲಿ ಅಂಥ ಇಟ್ಟಿಗೆ ಸಿಗುವುದೇ ದುರ್ಲಭವಾಗಿತ್ತು. ಮನೆಯಲ್ಲಿದ್ದದ್ದು ಒಂದೇ ಡಬ್ಬಿ. ಉಳಿದದ್ದನ್ನು ಬೀದಿಯ ಮಕ್ಕಳಿಗೆ ಪೆಪ್ಪರಮಿಂಟು ಕೊಟ್ಟು, ಕಚೇರಿಯ ಮಿತ್ರರನ್ನು ಕಾಡಿ ಬೇಡಿ ಒಟ್ಟುಗೂಡಿಸಿದ್ದರು. ಕಟ್ಟಿದ್ದು ಮತ್ತೆ ಮತ್ತೆ ಕುಸಿಯಿತು, ರಾಯರು ಕುಸಿಯಲಿಲ್ಲ. ಕೊನೆಗೊಂದು ದಿನ ಅದು ನಿಂತಿತು.

"ನನ್ನ ಎದೆ ಮಟ್ಟಕ್ಕೆ ಬರ್ತಿತ್ತು," ಎನ್ನುತ್ತಿದ್ದರು ರಾಯರು, ಕೈಯನ್ನು ಎದೆಯ ಬಳಿ ಅಡ್ಡ ಹಿಡಿದು. "ಒಂದೇ ಒಂದು ಇಟ್ಟಿಗೆ ಸಾಲು ತಪ್ಪಿರಲಿಲ್ಲ. ಕೆಂಪು ಪಟ್ಟಿ, ಬಿಳಿ ಪಟ್ಟಿ, ತುದೀಲಿ ಗಾಜಿನ ದೀಪ. ತೂಗುಗುಂಡು ಬಿಟ್ಟು ನೋಡಿದ್ರೂ ಕೂದಲೆಳೆಯಷ್ಟು ಓರೆ ಇರಲಿಲ್ಲ."

ಅದೇ ವರ್ಷ ಸುಣ್ಣ ಬಳಿಯುವವರ ಏಣಿ ತಗುಲಿ ಆ ದೀಪಸ್ತಂಭ ನೆಲಸಮವಾಯಿತು. ಅಂದಿನಿಂದ ಅದು ರಾಯರ ಮಾತಿನಲ್ಲಿ ಮಾತ್ರ ನಿಂತಿತ್ತು.

ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಿಂದ ನಿವೃತ್ತರಾದ ಮೇಲಂತೂ ರಾಯರಿಗೆ ಇಟ್ಟಿಗೆಯೇ ಊಟ, ಇಟ್ಟಿಗೆಯೇ ನಿದ್ರೆ. ಅವರ ಕೋಣೆಯಲ್ಲಿ ಮಂಚದ ಕೆಳಗೆ ಕೋಟೆ, ಕಪಾಟಿನ ಮೇಲೆ ರೈಲು ನಿಲ್ದಾಣ, ಕಿಟಕಿಯಲ್ಲಿ ಅರ್ಧ ಮುಗಿದ ಸೇತುವೆ. ಬರಿಗಾಲಿನಲ್ಲಿ ಆ ಕೋಣೆಗೆ ಹೋದವರು ಇಟ್ಟಿಗೆ ತುಳಿದು ರಾಗವೆಳೆಯುತ್ತ ಹೊರಗೆ ಬರುತ್ತಿದ್ದರು. ಇಷ್ಟೆಲ್ಲ ಇದ್ದರೂ ಅವರಿಗೊಂದು ಕೊರಗಿತ್ತು. ಅಭಿಮಾನಿಗಳು ಕಟ್ಟಿದ ಮಾದರಿಯನ್ನು ಕಂಪನಿಯವರು ಒಮ್ಮೊಮ್ಮೆ ಆರಿಸಿ ಸೆಟ್ಟಾಗಿ ಹೊರತರುತ್ತಿದ್ದರು. ಪೆಟ್ಟಿಗೆಯ ಮೇಲೆ ಕಟ್ಟಿದವನ ಹೆಸರು ಅಚ್ಚಾಗುತ್ತಿತ್ತು. ಅಂಥದೊಂದು ಪೆಟ್ಟಿಗೆಯ ಮೇಲೆ ತಮ್ಮ ಹೆಸರನ್ನು ಕಂಡು ಕಣ್ಣು ಮುಚ್ಚಬೇಕೆಂಬುದು ರಾಯರ ಆಸೆ. ಪ್ರತಿವರ್ಷ ಒಂದೊಂದು ಮಾದರಿಯನ್ನು ಕಳುಹಿಸುತ್ತಿದ್ದರು. ಪ್ರತಿವರ್ಷ ಅದು ಸಭ್ಯವಾದೊಂದು ಧನ್ಯವಾದದೊಡನೆ ಮರಳುತ್ತಿತ್ತು. ಈ ವರ್ಷ ಸಿಟ್ಟಿನಿಂದ ಏನನ್ನೂ ಕಳುಹಿಸಿರಲಿಲ್ಲ.

ಅಂದು ಬೆಳಗ್ಗೆ ಮೊಮ್ಮಗಳು ತಾಯಿಯ ಫೋನನ್ನು ಹಿಡಿದು ಓಡಿಬಂದಳು. ಮುಂಬರುವ ಸೆಟ್ಟುಗಳ ಚಿತ್ರಗಳನ್ನು ಕಂಪನಿಯವರು ಪ್ರಕಟಿಸಿದ್ದರು. ರಾಯರು ಕನ್ನಡಕವನ್ನು ಒರೆಸಿ, ಆರೋಪಿಯ ಮುಖವನ್ನು ನೋಡುವ ನ್ಯಾಯಾಧೀಶರಂತೆ ಒಂದೊಂದಾಗಿ ನೋಡಿದರು.

ಮೊದಲನೆಯದು ರಾಕೆಟ್ಟು. ಅದರ ಮೂತಿಯೆಲ್ಲ ಒಂದೇ ಅಚ್ಚಿನ ತುಂಡು. ಇದರಲ್ಲಿ ಕಟ್ಟುವುದೇನಿದೆ, ಟೋಪಿ ಹಾಕಿದಂತೆ ಹಾಕಿದರಾಯಿತು ಎಂದು ರಾಯರು ಮೂಗು ಮುರಿದರು. ಎರಡನೆಯದು ಕೋಟೆ, ಅದರ ಗೋಡೆಯ ಕಲ್ಲುಗಳೆಲ್ಲ ಅಂಟಿಸುವ ಚೀಟಿಗಳು. "ಇಟ್ಟಿಗೆ ಮೇಲೆ ಇಟ್ಟಿಗೆ ಚಿತ್ರ ಅಂಟಿಸೋದಂತೆ. ಹಲ್ಲಿನ ಮೇಲೆ ಹಲ್ಲಿನ ಚಿತ್ರ ಅಂಟಿಸ್ಕೊಂಡ ಹಾಗಾಯ್ತು," ಎಂದರು. ಸಾಕುಪ್ರಾಣಿಗಳ ಮನೆಯೆಂಬ ಇನ್ನೊಂದರಲ್ಲಿ ಗೋಡೆಗಿಂತ ನಾಯಿಗಳೇ ಹೆಚ್ಚು. ಮತ್ತೊಂದು ತಿಂಡಿಯ ಗಾಡಿ: ನಾಲ್ಕು ದೊಡ್ಡ ತುಂಡುಗಳನ್ನು ಕೂಡಿಸಿ ಮೇಲೊಂದು ಛತ್ರಿ ಸಿಕ್ಕಿಸಿದರೆ ಮುಗಿಯಿತು. ಹಿಂದೆ ಮಗು ಸೆಟ್ಟು ಕಟ್ಟಿ ಮುಗಿಸುವಷ್ಟರಲ್ಲಿ ಒಂದಿಷ್ಟು ಬುದ್ಧಿ ಬಲಿಯುತ್ತಿತ್ತು, ಈಗ ಹಾಲು ಆರುವುದರೊಳಗೆ ಕಟ್ಟಿ ಎಸೆಯುತ್ತದೆ ಎಂದು ರಾಯರು ಕೆಂಡವಾದರು.

ಕೊನೆಯ ಚಿತ್ರ ಬಂದಾಗ ಅವರು ಕನ್ನಡಕವನ್ನು ಮತ್ತೊಮ್ಮೆ ಒರೆಸಿಕೊಂಡರು. ಅದು ಅಭಿಮಾನಿಯೊಬ್ಬರು ಕಟ್ಟಿದ, ಹವ್ಯಾಸಿಗಳ ಮತಕ್ಕೆ ಇಟ್ಟಿದ್ದ ಮಾದರಿ. ಕೆಳಗೆ 'ದೀಪಸ್ತಂಭ' ಎಂದು ಬರೆದಿತ್ತು.

ಹಸಿರು ಮತ್ತು ನೀಲಿ ಬಣ್ಣದ ಆ ವಸ್ತು ಎಡಕ್ಕೆ ವಾಲಿಕೊಂಡು, ಗೋಡೆಗೊರಗಲು ಜಾಗ ಹುಡುಕುತ್ತಿರುವ ಕುಡುಕನಂತೆ ನಿಂತಿತ್ತು. ಪಟ್ಟಿಯ ನಡುವೆ ಎಲ್ಲಿಂದಲೋ ಬೇರೊಂದು ಬಣ್ಣದ ಇಟ್ಟಿಗೆ ನುಸುಳಿತ್ತು. ಬಾಗಿಲು ಸಮುದ್ರದ ಕಡೆಗಿತ್ತು. ಕಾವಲುಗಾರ ಹೊಸ್ತಿಲು ದಾಟಿದರೆ ನೇರವಾಗಿ ನೀರಿಗೆ. ದೀಪವಿರಬೇಕಾದಲ್ಲಿ ಮಸಿ ಬಾಟಲಿಯ ಮುಚ್ಚಳವಿತ್ತು.

ರಾಯರ ಕಿವಿ ಕೆಂಪಗಾಯಿತು. ರಾಕೆಟ್ಟು, ನಾಯಿ, ಗಾಡಿ ಏನಾದರೂ ಹಾಳಾಗಿ ಹೋಗಲಿ, ಆದರೆ ದೀಪಸ್ತಂಭ! ಬದುಕಿನ ಏಕೈಕ ಪೂಜ್ಯವಸ್ತುವಿಗೆ ಯಾರೋ ಮಸಿ ಬಳಿದಂತಾಯಿತು.

"ಇದನ್ನ ಕಟ್ಟಿದವನಿಗೆ ಇಟ್ಟಿಗೆ ಮೇಲೆ ಹಳೇ ದ್ವೇಷ ಇರಬೇಕು," ಎಂದರು.

ಅಡುಗೆಮನೆಯಲ್ಲಿ ಲೋಟವೊಂದು ಬಿದ್ದ ಸದ್ದಾಯಿತು. ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅಷ್ಟು ಕೆಟ್ಟದಾಗೇನಿಲ್ಲ ಬಿಡಿ ಮಾವ. ಪಾಪ, ಯಾರೋ ಕಷ್ಟಪಟ್ಟು ಕಟ್ಟಿದಾರೆ. ದೊಡ್ಡವರೂ ಇರಬಹುದು."

"ದೊಡ್ಡವರಾ? ಯಾವುದೋ ತುಂಟ ಹುಡುಗ. ಕೈ ಕೆರೀತಿತ್ತು, ಕಟ್ಟಿದಾನೆ."

ಮೊಮ್ಮಗಳು ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳ ಬಾಯಿಗೆ ಬಿಸ್ಕತ್ತನ್ನು ತುರುಕಿದಳು. ಮತದಾನ ಮುಗಿಯುವ ಮುನ್ನ ಕಟ್ಟಿದವರ ಹೆಸರು ಹೊರಬಿದ್ದರೆ ಮಾದರಿಯನ್ನೇ ತಳ್ಳಿಹಾಕುವುದು ಕಂಪನಿಯ ಕಟ್ಟುನಿಟ್ಟಿನ ನಿಯಮ. ಜನ ಮುಖ ನೋಡಿ ಮತ ಹಾಕುತ್ತಾರೆಂದು ವರ್ಷಗಟ್ಟಲೆ ಪತ್ರ ಬರೆದು ಆ ನಿಯಮವನ್ನು ತರಿಸಿದವರು ಇಟ್ಟಿಗೆರಾಯರೇ. ಆ ಬಗ್ಗೆ ಅವರಿಗೆ ಹೆಮ್ಮೆಯೂ ಇತ್ತು.

ಮತದಾನವೋ, ಇವರ ಊರಿನಲ್ಲಿ ಅಂದೇ ಸಂಜೆ. ಊರೂರಿನ ಆಟಿಕೆ ಅಂಗಡಿಗಳಲ್ಲಿ ಹವ್ಯಾಸಿಗಳು ಕೂಡಿ ಅಭಿಮಾನಿಯ ಮಾದರಿ ಬೇಕೋ ಬೇಡವೋ ಎಂದು ಕೈ ಎತ್ತಬೇಕು. ಉಳಿದೆಲ್ಲ ಅಂಗಡಿಗಳಲ್ಲಿ ಅದಾಗಲೇ ಕೈ ಎತ್ತಿ ಮುಗಿದು ತೀರ್ಪು ಸರಿಸಮನಾಗಿ ಒಡೆದಿದ್ದು, ಇವರ ಊರಿನ ಅಂಗಡಿಯೊಂದೇ ಬಾಕಿ ಉಳಿದಿತ್ತು. ಬೇಡವೆನ್ನುವ ಕೈಗಳನ್ನು ಕೂಡಿಸಲೆಂದು ರಾಯರು ಆಗಲೇ ಇಸ್ತ್ರಿ ಮಾಡಿದ ಅಂಗಿಯನ್ನು ತೊಟ್ಟು ಹೊರಟರು. ಸೊಸೆ ಅವರ ಚಪ್ಪಲಿಯನ್ನು ಅಡಗಿಸಿಟ್ಟಳು. ರಾಯರು ಮಗನ ಬೂಟನ್ನು ಮೆಟ್ಟಿಕೊಂಡು ನಡೆದರು.

ಮೊದಲು ಹೊಕ್ಕದ್ದು ಕ್ಷೌರದಂಗಡಿಗೆ. ಗದ್ದಕ್ಕೆ ನೊರೆ ಹಚ್ಚಿಸಿಕೊಂಡೇ ರಾಯರು ದೀಪಸ್ತಂಭದ ಅಪರಾಧಗಳನ್ನು ವಿವರಿಸಿದರು. ಕ್ಷೌರಿಕನಿಗೆ ಆಟಿಕೆಯ ಇಟ್ಟಿಗೆಗೂ ಸೋಪಿನ ಬಿಲ್ಲೆಗೂ ವ್ಯತ್ಯಾಸ ತಿಳಿಯದು. ಆದರೆ ಯಾರ ಜಗಳವನ್ನಾದರೂ ತನ್ನದೆಂದು ಎತ್ತಿಕೊಳ್ಳುವ ಉದಾರಗುಣ ಅವನದು. "ಇವತ್ತು ಆಟದ ದೀಪಸ್ತಂಭ ವಾಲುತ್ತೆ, ನಾಳೆ ನಮ್ಮ ಮನೆಗಳೇ ವಾಲ್ತವೆ. ಬಿಡಬಾರದು ರಾಯರೇ," ಎಂದು ಕತ್ತಿಯನ್ನು ಗಾಳಿಯಲ್ಲಿ ಬೀಸಿದ. ರಾಯರು ಕುತ್ತಿಗೆಯನ್ನು ಹಿಂದಕ್ಕೆಳೆದುಕೊಂಡರು. ಕುಳಿತಿದ್ದ ಗಿರಾಕಿಗಳೆಲ್ಲ ಸಂಜೆ ಬರುವುದಾಗಿ ಮಾತು ಕೊಟ್ಟರು. ಆ ಗಡಿಬಿಡಿಯಲ್ಲಿ ರಾಯರ ಮೀಸೆಯ ಒಂದು ಪಕ್ಕ ಇನ್ನೊಂದಕ್ಕಿಂತ ಗಿಡ್ಡವಾಯಿತು. ಅದನ್ನು ಅವರು ಹೋರಾಟದ ಗಾಯವೆಂದು ಸ್ವೀಕರಿಸಿದರು.

ಎದುರುಮನೆಯ ನರ್ಸಮ್ಮನವರು ಸುದ್ದಿ ಕೇಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಮುದ್ರದ ಕಡೆ ಬಾಗಿಲಿಟ್ಟ ಕಟ್ಟಡವನ್ನು ನೋಡಿ ಬೆಳೆದ ಮಕ್ಕಳು ಮುಂದೆ ಬಾಗಿಲು ಕಂಡಲ್ಲೆಲ್ಲ ಹೊರಗೆ ಹಾರುತ್ತಾರೆಂದೂ, ಆಮೇಲೆ ಕಟ್ಟು ಹಾಕಬೇಕಾದವರು ತಾವೇ ಎಂದೂ ಹೇಳಿ ಆಸ್ಪತ್ರೆಯ ತಮ್ಮ ಸರದಿಯನ್ನು ಬದಲಾಯಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ, ಯಾವುದೋ ಹೊಸ ಕಟ್ಟಡ ಕುಸಿಯುವ ಸ್ಥಿತಿಯಲ್ಲಿದೆ, ಅದನ್ನು ತಡೆಯಲು ಇಟ್ಟಿಗೆರಾಯರು ಒಬ್ಬರೇ ಹೋರಾಡುತ್ತಿದ್ದಾರೆ ಎಂದು ಗಾಳಿಮಾತು ಹಬ್ಬಿತ್ತು. ಒಬ್ಬ ಮುದುಕಪ್ಪ ಮನೆಯ ಸಾಮಾನುಗಳನ್ನು ಹೊರಗೆ ಸಾಗಿಸತೊಡಗಿದ್ದ.

ಇಡೀ ಊರಿನಲ್ಲಿ ಒಪ್ಪದವರು ಒಬ್ಬರೇ: ಫೋಟೋ ಸ್ಟುಡಿಯೋದವರು. ಅವರೂ ಇಟ್ಟಿಗೆಯ ಹುಚ್ಚಿನವರೇ. ರಾಯರಿಗೆ ಹಳೆಯ ಗೆಳೆಯರು, ಅದಕ್ಕಿಂತ ಹಳೆಯ ಎದುರಾಳಿ. ಕತ್ತಲೆಯ ಸ್ಟುಡಿಯೋದಲ್ಲಿ ಚಿತ್ರವನ್ನು ನೋಡಿದವರೇ ಅವರು ಮೆಲ್ಲಗೆ ನಕ್ಕರು.

"ವಾಲಿದೆ, ನಿಜ. ಆದ್ರೆ ಕಟ್ಟಿದವನಿಗೆ ತಾಳ್ಮೆ ಇತ್ತು ರಾಯರೇ. ಅವನತ್ರ ಇಟ್ಟಿಗೆ ಕಡಿಮೆ ಇದ್ವು ಅನ್ಸುತ್ತೆ. ನಾನಂತೂ ಬೇಕು ಅಂತಲೇ ಕೈ ಎತ್ತುತ್ತೀನಿ."

ರಾಯರಿಗೆ ತಟ್ಟನೆ ಎಲ್ಲವೂ ಹೊಳೆಯಿತು. ಈ ನಗು, ಈ ಕನಿಕರ! ಇದನ್ನು ಕಟ್ಟಿದವನು ಇವನೇ. ತಮ್ಮ ಜೀವನದ ದೀಪಸ್ತಂಭವನ್ನು ಅಣಕಿಸಲೆಂದೇ ಕಟ್ಟಿ, ತನ್ನ ಹೆಸರನ್ನು ಪೆಟ್ಟಿಗೆಯ ಮೇಲೆ ಮೆರೆಸಲು ಹೊರಟಿದ್ದಾನೆ.

"ಸಂಜೆ ನೋಡ್ಕೊಳ್ಳೋಣ," ಎಂದು ರಾಯರು ಸರ್ರನೆ ತಿರುಗಿದರು. ಮಗನ ಬೂಟು ದೊಡ್ಡದಾದ್ದರಿಂದ ಅವರು ತಿರುಗಿದರೂ ಬೂಟು ತಿರುಗಲಿಲ್ಲ. ಫೋಟೋಗೆಂದು ಇಳಿಬಿಟ್ಟಿದ್ದ ಪರದೆಯ ಮೇಲೆ ಬಿದ್ದು, ಚಿತ್ರದ ಸರೋವರವನ್ನು ಹರಿದುಕೊಂಡು ಎದ್ದುಹೋದರು.

ಸಂಜೆ ಆಟಿಕೆ ಅಂಗಡಿಯಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ಹವ್ಯಾಸಿಗಳಿಗಿಂತ ಕ್ಷೌರದಂಗಡಿಯ ಗಿರಾಕಿಗಳೇ ಹೆಚ್ಚಾಗಿದ್ದರು. ಯಾರನ್ನೂ ಹೊರಗೆ ಕಳುಹಿಸುವ ಎದೆಗಾರಿಕೆಯಿಲ್ಲದ ಅಂಗಡಿಯಾತ, ಬಂದವರೆಲ್ಲ ಹವ್ಯಾಸಿಗಳೇ ಎಂದು ಸಾರಿಬಿಟ್ಟ. ಮೂಲೆಯಲ್ಲಿ ಸೊಸೆ ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು.

ರಾಯರು ಮುಕ್ಕಾಲಿಯ ಮೇಲೇರಿ ಮಾತಾಡಿದರು. ಹಾಗೆ ಅವರು ಹಿಂದೆಂದೂ ಮಾತಾಡಿರಲಿಲ್ಲ. ವಾಲಿದ ಗೋಡೆಯನ್ನೂ ನುಸುಳಿದ ಇಟ್ಟಿಗೆಯನ್ನೂ ಮಸಿ ಬಾಟಲಿಯ ಮುಚ್ಚಳವನ್ನೂ ಒಂದೊಂದಾಗಿ ಎತ್ತಿ ಝಾಡಿಸಿದರು. ತಿಂಡಿಯ ಗಾಡಿಯಾದರೋ ತಾನು ಕಟ್ಟಡವೆಂದು ಹೇಳಿಕೊಳ್ಳುತ್ತಿಲ್ಲ, ಈ ಸ್ತಂಭಕ್ಕೆ ಆ ನಾಚಿಕೆಯೂ ಇಲ್ಲ ಎಂದರು. ಕೊನೆಗೆ ಸ್ಟುಡಿಯೋದವರತ್ತ ಬೆರಳು ತೋರಿ ಹೇಳಿದರು: "ಇಂಥದ್ದನ್ನ ಕಟ್ಟಿದವನ ಹೆಸರು ಪೆಟ್ಟಿಗೆ ಮೇಲಲ್ಲ, ಪೆಟ್ಟಿಗೆ ತಳದಲ್ಲೂ ಬರಬಾರದು."

ಚಪ್ಪಾಳೆಗೆ ಗಾಜಿನ ಕಪಾಟುಗಳು ನಡುಗಿದವು. ಬೇಕೆಂದು ಎದ್ದ ಕೈಗಳು ಕೆಲವೇ. ಅವುಗಳಲ್ಲಿ ಸ್ಟುಡಿಯೋದವರದೊಂದು, ಸೊಸೆಯದೊಂದು, ಮೊಮ್ಮಗಳ ಎರಡೂ ಕೈ. ಬೇಡವೆಂದು ಎದ್ದ ಕೈಗಳು ಕಾಡಿನಂತಿದ್ದವು. ಅಂಗಡಿಯಾತ ಅಲ್ಲಿಂದಲೇ ಕಂಪನಿಗೆ ಫೋನು ಮಾಡಿ ತೀರ್ಪನ್ನು ತಿಳಿಸಿದ. ದೀಪಸ್ತಂಭ ಬಿದ್ದುಹೋಯಿತು. ಅದರ ಬದಲಿಗೆ ತಿಂಡಿಯ ಗಾಡಿಯದೇ ಎರಡನೆಯ ಸೆಟ್ಟು, ಇನ್ನೂ ದೊಡ್ಡ ಛತ್ರಿಯೊಂದಿಗೆ, ಬರುವುದೆಂದು ಉತ್ತರ ಬಂತು.

ರಾಯರಿಗೆ ಛತ್ರಿಯ ಸುದ್ದಿ ಕೊಂಚ ಚುಚ್ಚಿತು. ಆದರೂ ಗೆಲುವು ಗೆಲುವೇ. "ಈಗ ಕಟ್ಟಿದ ಮಹಾಶಯರ ಹೆಸರು ಹೇಳಬಹುದಲ್ಲ?" ಎಂದು ಗಿಡ್ಡ ಮೀಸೆಯ ಕಡೆಯನ್ನು ತಿರುವಿದರು.

ಅಂಗಡಿಯಾತ ಫೋನನ್ನು ಕಿವಿಗೊತ್ತಿ ಕೇಳಿಸಿಕೊಂಡ, ರಾಯರನ್ನು ನೋಡಿದ, ಮತ್ತೊಮ್ಮೆ ಹೇಳಿ ಎಂದು ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತುಬಿಟ್ಟ.

ಸೊಸೆ ಮುಂದೆ ಬಂದು, ಸೆರಗಿನಡಿಯಿಂದ ಹಳೆಯ ಫೋಟೋವೊಂದನ್ನು ತೆಗೆದು ರಾಯರ ಕೈಗಿತ್ತಳು. "ನಿಮ್ಮ ಮಗನ ಹಳೇ ಶಾಲೆ ಪುಸ್ತಕಗಳ ಮಧ್ಯ ಸಿಕ್ತು ಮಾವ. ಇದರ ಪ್ರತೀನ ನಿಮಗೆ ಹೇಳದೆ ನಿಮ್ಮ ಹೆಸರಲ್ಲೇ ಕಂಪನಿಗೆ ಕಳಿಸಿದ್ವಿ. ಹೆಸರು ಪೆಟ್ಟಿಗೆ ಮೇಲೆ ಬಂದ ದಿನ ತಂದು ಕೊಡೋಣ ಅಂತಿದ್ವಿ."

ಕಪ್ಪುಬಿಳುಪಿನ ಚಿತ್ರ. ಬಣ್ಣ ಹಚ್ಚುವಾಗ ಕಂಪನಿಯವರು ಕೆಂಪು ಬಿಳಿ ಪಟ್ಟಿಗಳೆಂದು ತಿಳಿಯದೆ ಹಸಿರು ನೀಲಿ ಎಂದು ಊಹಿಸಿದ್ದರು. ಪಕ್ಕದಲ್ಲಿದ್ದವರನ್ನು ಕತ್ತರಿಸಿ ತೆಗೆದಿದ್ದರು. ಮೂಲ ಚಿತ್ರದಲ್ಲಿ ಅವರಿದ್ದರು: ಹಾಸಿಗೆಯ ಮೇಲೆ ಕಾಲಿಗೆ ಕಟ್ಟು ಹಾಕಿಸಿಕೊಂಡ ಹುಡುಗ, ಕೆಳಗೆ ಎಳೆಯ ಮೀಸೆಯ ರಾಯರು. ನಡುವೆ ಎಡಕ್ಕೆ ವಾಲಿದ, ಮುಚ್ಚಳ ಹೊತ್ತ ದೀಪಸ್ತಂಭ. ಅದು ರಾಯರ ಎದೆಯ ಮಟ್ಟಕ್ಕೆ ಬರುತ್ತಿದ್ದದ್ದು ನಿಜವೇ. ರಾಯರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು.

ಸ್ಟುಡಿಯೋದವರು ಹಿಂದಿನಿಂದ ಇಣುಕಿ ಹೇಳಿದರು: "ತೆಗೆದವನು ನಾನೇ ಅಲ್ವಾ. ಎಡಕ್ಕೆ ವಾಲಿದೆ ರಾಯರೇ, ಸ್ವಲ್ಪ ನೆಟ್ಟಗೆ ಮಾಡಿ ಅಂತ ಅವತ್ತೇ ಹೇಳಿದ್ದೆ. ನಿಮ್ಮ ಕ್ಯಾಮೆರಾನೇ ವಾಲಿದೆ ಅಂದ್ರಿ."

ಮತ್ತೊಮ್ಮೆ ಮತ ಹಾಕಿಸಿ ಎಂದು ಸೊಸೆ ಬೇಡಿಕೊಂಡಳು. ಒಮ್ಮೆ ಎತ್ತಿದ ಕೈಯನ್ನು ಮತ್ತೆ ಎತ್ತಿಸುವಂತಿಲ್ಲವೆಂಬುದೂ ನಿಯಮವಂತೆ. ಅದನ್ನೂ ತರಿಸಿದವರು ರಾಯರೇ. ಇಷ್ಟರಲ್ಲಿ ಕ್ಷೌರಿಕ ಜನರ ನಡುವಿನಿಂದ ನುಗ್ಗಿ ಬಂದು, ಆ ಕಟ್ಟಿದ ಕಳ್ಳ ಸಿಕ್ಕಿದನೇ, ಎಲ್ಲಿದ್ದಾನೆ ತೋರಿಸಿ ಎಂದು ತೋಳು ಮೇಲೇರಿಸಿದ. ರಾಯರು ಫೋಟೋವನ್ನು ಮಡಿಚದೆ ಜೋಪಾನವಾಗಿ ಜೇಬಿಗಿಳಿಸಿ, ಕಳ್ಳ ಮನೆಗೆ ಹೋದನೆಂದು ಹೇಳಿ, ಮನೆಗೆ ಹೊರಟರು.

ದಾರಿಯುದ್ದಕ್ಕೂ ಮಗನ ಬೂಟು ಪಟಪಟ ಸದ್ದು ಮಾಡುತ್ತಿತ್ತು. ಎದುರು ಸಿಕ್ಕವರೆಲ್ಲ ಗೆದ್ದದ್ದಕ್ಕಾಗಿ ಕೈ ಕುಲುಕಿದರು. ಮನೆಯ ಗೇಟಿನ ಬಳಿ ಮೊಮ್ಮಗಳು ಅವರ ಬೆರಳನ್ನು ಹಿಡಿದೆಳೆದಳು.

"ತಾತ, ದೀಪಸ್ತಂಭದ ಕತೆ ಇನ್ನೊಂದ್ಸಲ ಹೇಳಿ."

"ಇನ್ನೇನು ಹೇಳೋದಮ್ಮ. ಫೋಟೋನೇ ನೋಡಿದೆಯಲ್ಲ."

"ಫೋಟೋದಲ್ಲಿರೋದು ಬೇಡ," ಎಂದಳು ಅವಳು. "ನೀವು ನಿಂತ್ಕೊಂಡು ಕೈ ಹಿಡಿದು ತೋರಿಸ್ತೀರಲ್ಲ, ಅದು."