ತಾಸೆಯ ಪೆಟ್ಟಿಗೆ ಏಳದ ಹುಲಿಯವರಿಗೆ

ಗೆ,
ಶ್ರೀಮಾನ್ ಹುಲಿಯವರು,
ಬಲಗಡೆಯ ಮೂರನೇ ಆವರಣ, ಬಿದಿರುಮೆಳೆಯ ನೆರಳು,
ಮೃಗಾಲಯ, ಮಂಗಳೂರು.

ಮಾನ್ಯರೇ,

ಶಕ್ತಿನಗರದ ಬಾಡಿಗೆ ಮನೆಯೊಂದರ ಎರಡನೇ ಮಹಡಿಯಿಂದ, ಆರು ವರ್ಷದ ಮಗನೊಬ್ಬನ ತಾಯಿಯೂ ಬಿಜೈಯ ಹಲ್ಲಿನ ಕ್ಲಿನಿಕ್ ಒಂದರಲ್ಲಿ ಬಂದವರ ಹೆಸರು ಬರೆದುಕೊಂಡು ಕೂರಿಸುವವಳೂ ಆದ ಅಕ್ಷಿತಾ ಎಂಬ ನಾನು ತಮಗೆ ಮಾಡುವ ಸವಿನಯ ವಂದನೆಗಳು. ತಾವು ಕ್ಷೇಮವೆಂದೇ ನಂಬಿದ್ದೇನೆ. ಕಳೆದ ತಿಂಗಳು ನಾನೇ ಕಣ್ಣಾರೆ ಕಂಡಂತೆ ತಮ್ಮ ಕ್ಷೇಮಕ್ಕೆ ಯಾವ ಕೊರತೆಯೂ ಇರಲಿಲ್ಲ. ಎರಡು ಗಂಟೆ ಹತ್ತು ನಿಮಿಷ ತಾವು ಮುಂಗಾಲನ್ನು ಮೋರೆಯ ಮೇಲಿಟ್ಟುಕೊಂಡು ಮಲಗಿದ್ದಿರಿ. ಆ ಎರಡು ಗಂಟೆ ಹತ್ತು ನಿಮಿಷದಿಂದ ನಮ್ಮ ಮನೆಗಾದ ಪರಿಣಾಮಗಳ ಬಗ್ಗೆ ತಮ್ಮ ಗಮನ ಸೆಳೆಯುವುದೇ ಈ ಪತ್ರದ ಉದ್ದೇಶ. ತಾವು ಇದನ್ನು ಓದುವುದಿಲ್ಲವೆಂದು ಗೊತ್ತಿದೆ. ನನ್ನ ದೂರುಗಳನ್ನು ಓದದವರಲ್ಲಿ ತಾವೇ ಮೊದಲಿಗರಲ್ಲವಾದ್ದರಿಂದ ಅದಕ್ಕೆ ಬೇಸರವಿಲ್ಲ.

ತಾವು ಈ ಊರಿನ ನಿವಾಸಿಯಾಗಿದ್ದರೂ ಈ ಊರಿನ ಉಳಿದ ಹುಲಿಗಳ ಪರಿಚಯ ತಮಗಿರಲಾರದು, ಏಕೆಂದರೆ ತಮಗೆ ಹೊರಗೆ ಹೋಗಲು ರಜೆ ಸಿಗುವುದಿಲ್ಲ. ನವರಾತ್ರಿ ಬಂತೆಂದರೆ ಇಲ್ಲಿ ಓಣಿ ಓಣಿಯಲ್ಲೂ ಹುಲಿಗಳು. ವರ್ಷವಿಡೀ ಬಸ್ಸಿನಲ್ಲಿ ಟಿಕೆಟು ಹರಿದವರು, ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ಅದಕ್ಕೆಂದೇ ಗಲ್ಫಿನಿಂದ ರಜೆ ಹಾಕಿ ಬಂದವರು ಮೈಗೆ ಹಳದಿ ಬಳಿದು, ಕಪ್ಪು ಪಟ್ಟೆ ಬರೆಸಿಕೊಂಡು, ತಾಸೆ ಡೋಲುಗಳ ಪೆಟ್ಟಿಗೆ ಬಣ್ಣ ಬೆವರಾಗಿ ಇಳಿಯುವವರೆಗೆ ಕುಣಿಯುತ್ತಾರೆ; ಹುಲ್ಲಿನಲ್ಲಿ ಬಿಗಿದು ಕಟ್ಟಿದ ಭಾರದ ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಬೆನ್ನ ಹಿಂದಕ್ಕೆ ಎಸೆಯುತ್ತಾರೆ. ನಮ್ಮ ಮಕ್ಕಳು ಹುಲಿಯನ್ನು ಮೊದಲು ಕಾಣುವುದು ಪುಸ್ತಕದಲ್ಲೂ ಅಲ್ಲ, ತಮ್ಮ ಆವರಣದಲ್ಲೂ ಅಲ್ಲ; ಬೀದಿಯಲ್ಲಿ, ಎರಡು ಕಾಲಿನ ಮೇಲೆ. ಹಾಗಾಗಿ ತಾಸೆ ಬಡಿದ ಮೇಲೂ ಕುಣಿಯದ ಹುಲಿಯೊಂದು ಇರಬಹುದೆಂಬುದು ನಮ್ಮ ಮನೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಕಳೆದ ಮಳೆಗಾಲದಲ್ಲಿ ನನ್ನ ಮಗ ಧನ್ವಿತ್‌ಗೆ ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದ. ಪ್ಲೇಟ್‌ಲೆಟ್ ಇಳಿಯುತ್ತಲೇ ಹೋದ ಮೂರನೇ ದಿನ ನನ್ನ ಅತ್ತೆ ಅಮ್ಮಣಿಯವರು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತು, ಮಗು ಎದ್ದು ಕೂತರೆ ಬರುವ ನವರಾತ್ರಿಗೆ ಅವನಿಗೆ ಹುಲಿವೇಷ ಹಾಕಿಸುತ್ತೇನೆಂದು ದೇವಿಗೆ ಹರಕೆ ಹೇಳಿಕೊಂಡರು. ಆ ಹೊತ್ತಿನಲ್ಲಿ ಯಾರು ಏನು ಕೇಳಿದ್ದರೂ ನಾನು ಹೂಂ ಎನ್ನುತ್ತಿದ್ದೆ, ಅಷ್ಟು ಹೆದರಿದ್ದೆ. ಮಗು ಎದ್ದು ಕೂತ, ಕೂತವನೇ ಕೋಳಿ ಸುಕ್ಕ ಕೇಳಿದ. ಸುಕ್ಕ ಆ ವಾರವೇ ಆಯಿತು, ಹರಕೆ ಬಾಕಿ ಉಳಿಯಿತು.

ಆದರೆ ನನ್ನ ಮಗನಿಗೆ ಹುಲಿವೇಷವೆಂದರೆ ಹೆದರಿಕೆ. ಸಾಧಾರಣ ಹೆದರಿಕೆಯಲ್ಲ, ತಾಸೆಯ ಸದ್ದು ಎರಡು ಬೀದಿಯಾಚೆ ಕೇಳಿಸಿದರೂ ಬಚ್ಚಲಿಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥದ್ದು. ಹಿಂದಿನ ವರ್ಷ ಅವನನ್ನು ಹೊರಗೆ ತರಲು ನನ್ನ ಗಂಡ ಹಿತೇಶ್ ಕಿಟಕಿಯ ಗಾಜು ಕಳಚಬೇಕಾಯಿತು. ಈ ವರ್ಷ ನವರಾತ್ರಿಗೆ ಎರಡು ವಾರವಿರುವಾಗ ಅವರಿಗೆ ಒಂದು ಉಪಾಯ ಹೊಳೆಯಿತು. "ನಿಜವಾದ ಹುಲಿಯನ್ನೇ ತೋರಿಸಿದ್ರೆ ಹೆದರಿಕೆ ಬಿಟ್ಟು ಹೋಗ್ತದೆ ಮಾರಾಯ್ತಿ, ಅದರ ಮುಂದೆ ಈ ಬಣ್ಣದ ಹುಲಿ ಎಂತ ಉಂಟು?" ಎಂದರು. ಭಾನುವಾರದ ತಿರುಗಾಟವೂ ಆಗುತ್ತದೆ, ಮಗನ ಚಿಕಿತ್ಸೆಯೂ ಆಗುತ್ತದೆ ಎಂದು ನಾನೂ ಒಪ್ಪಿದೆ.

ತಿರುಗಾಟವೆಂದರೆ ಏನೆಂದು ತಮಗೆ ವಿವರಿಸಬೇಕು. ಮನೆಯಲ್ಲಿ ಮಾಡುವ ಕೆಲಸವನ್ನೆಲ್ಲ ಚೀಲಕ್ಕೆ ತುಂಬಿಸಿಕೊಂಡು ಹೋಗಿ ಬಿಸಿಲಿನಲ್ಲಿ ಮಾಡುವುದಕ್ಕೆ ತಾಯಂದಿರ ಭಾಷೆಯಲ್ಲಿ ತಿರುಗಾಟ ಎನ್ನುತ್ತಾರೆ. ಅದರ ಹಿಂದಿನ ವಾರ ದೋಣಿಯಲ್ಲಿ ಬೆಂಗ್ರೆಗೆ ಹೋಗಿದ್ದಾಗ ಸಮುದ್ರ ನೋಡಿದವರು ಮೂವರು, ಮೂವರ ಚಪ್ಪಲಿ ಕಾದವಳು ನಾನು. ತಮ್ಮ ದರ್ಶನಕ್ಕೆ ಬರುವ ದಿನವೂ ಬೆಳಿಗ್ಗೆ ಐದಕ್ಕೆದ್ದು ಅಕ್ಕಿತರಿಯ ಪುಂಡಿ ಉಂಡೆಗಳನ್ನು ಬೇಯಿಸಿ, ಚಟ್ನಿ ಕಡೆದು, ಅತ್ತೆಯ ಮಾತ್ರೆ, ಮಗನ ಇನ್ನೊಂದು ಜೊತೆ ಚಡ್ಡಿ, ಗಂಡನ ಚಾರ್ಜರ್ ಎಲ್ಲವನ್ನೂ ಹೊಂದಿಸಿಕೊಂಡು, ಸಿಟಿ ಬಸ್ಸಿನಲ್ಲಿ ನಿಂತೇ ಬಂದು, ಹನ್ನೊಂದಕ್ಕೆ ತಮ್ಮ ಬೇಲಿಯ ಮುಂದೆ ಹಾಜರಾದೆವು. ತಾವು ಮಲಗಿದ್ದಿರಿ.

ಹತ್ತು ನಿಮಿಷ ಕಾದೆವು. ಮಗ ನನ್ನ ಸೆರಗು ಬಿಟ್ಟು, ಕಂಬಿ ಹಿಡಿದು ನಿಂತು, ಬಹಳ ಹೊತ್ತು ನೋಡಿ, "ಅಮ್ಮ, ಇದರ ಕುಣಿತ ಎಷ್ಟು ಗಂಟೆಗೆ?" ಎಂದು ಕೇಳಿದ. ಈಗ ಆಗುತ್ತದೆ ಎಂದೆ. ಮಗನ ಎದುರು ಊರಿನ ಮಾನ ಉಳಿಸಬೇಕೆಂದೋ ಏನೋ, ನನ್ನ ಗಂಡ ಪುಂಡಿಯ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, ಎರಡು ಬೆರಳಿನಲ್ಲಿ ತಾಸೆಯ ಪೆಟ್ಟು ಬಾರಿಸತೊಡಗಿದರು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಬಾಯಲ್ಲೇ ಡೋಲಿನ ತಾಳ ಹಿಡಿದರು. ಮೂರನೆಯವರು, ನೋಡಿದರೆ ನಿವೃತ್ತ ಹೆಡ್‌ಮಾಸ್ಟರರಂತಿದ್ದವರು, ಕೊಡೆಯನ್ನು ಹೆಂಡತಿಗೆ ಕೊಟ್ಟು ಒಂದು ಸುತ್ತು ಹೆಜ್ಜೆಯನ್ನೂ ಹಾಕಿದರು. ಅಲ್ಲಿನ ಕಾವಲುಗಾರ ಯಾಹ್ಯಾ ಎಂಬವರು ಓಡಿ ಬಂದವರು ಅರ್ಧ ನಿಮಿಷ ತಮ್ಮ ಬೂಟುಗಾಲನ್ನೂ ತಾಳಕ್ಕೆ ಕುಟ್ಟಿ, ಆಮೇಲೆ ಕರ್ತವ್ಯ ನೆನಪಾಗಿ, "ಹಾಗೆಲ್ಲ ಬಡಿಯುದಲ್ಲ ಅಣ್ಣ, ಅದಕ್ಕೆ ಉಪದ್ರ ಆಗ್ತದೆ" ಎಂದರು. ಬೇಲಿಯ ಈಚೆ ಇದ್ದವರೆಲ್ಲ ಹುಲಿಗಳಾಗಿದ್ದ ಆ ಹೊತ್ತಿನಲ್ಲಿ ತಾವು ಒಂದೇ ಒಂದು ಕಣ್ಣು ತೆರೆದು, ನನ್ನ ಗಂಡನನ್ನು ನೋಡಿ, ಮಗ್ಗುಲು ಬದಲಿಸಿ, ನಮಗೆಲ್ಲ ಬೆನ್ನು ಹಾಕಿದಿರಿ.

ಇದು ನನ್ನ ದೂರಿನ ಮೊದಲ ಭಾಗ. ಆದರೆ ನ್ಯಾಯವಾಗಿ ಹೇಳಬೇಕಾದರೆ ಆ ಬೆನ್ನನ್ನು ನೋಡಿ ನನಗೆ ಗೌರವ ಮೂಡಿದ್ದೂ ನಿಜ. ಇನ್ನೂರು ಜನ ಟಿಕೆಟು ತೆಗೆದು ಬಂದಿದ್ದಾರೆ, ಅವರ ಭಾನುವಾರವೆಲ್ಲ ನನ್ನ ಮೇಲೆಯೇ ನಿಂತಿದೆ ಎಂಬ ಒಂದಿಷ್ಟೂ ಅಳುಕಿಲ್ಲದೆ ಮಲಗುವ ಆ ವಿದ್ಯೆಯನ್ನು ತಾವು ಎಲ್ಲಿ ಕಲಿತಿರಿ? ನಮ್ಮ ಮನೆಯಲ್ಲಿ ಮೂವರು ಕೂತು ಇನ್ನು ಎಂತ ಮಾಡುವುದೆಂದು ನನ್ನ ಮೋರೆ ನೋಡಿದರೆ ಸಾಕು, ನಾನು ಎದ್ದು ನಿಂತಿರುತ್ತೇನೆ. ಆದ್ದರಿಂದ ತಾಯಂದಿರಿಗಾಗಿ ತಾವು ಮೂರು ದಿನದ ಮಲಗುವ ಶಿಬಿರವೊಂದನ್ನು ನಡೆಸಿಕೊಡಬೇಕು. ಅದು ಸಾಧ್ಯವಿಲ್ಲದಿದ್ದರೆ ಒಂದು ಭಾನುವಾರದ ಮಟ್ಟಿಗೆ ನಾವಿಬ್ಬರೂ ಸ್ಥಳ ಬದಲಿಸಿಕೊಳ್ಳಬೇಕು ಎಂಬುದು ನನ್ನ ನಮ್ರ ವಿನಂತಿ. ತಮ್ಮ ಊಟದ ಮಾಂಸವನ್ನು ನಾನು ಸುಕ್ಕ ಮಾಡಿಕೊಳ್ಳುತ್ತೇನೆ. ತಾವು ನಮ್ಮಲ್ಲಿ ಇರುವಷ್ಟು ಹೊತ್ತು ರಿಮೋಟ್ ಎಲ್ಲಿದೆ ಎಂದು ಯಾರೂ ಕೇಳಲಾರರೆಂಬ ಭರವಸೆ ನನಗಿದೆ.

ದೂರಿನ ಎರಡನೇ ಭಾಗ ಹೆಚ್ಚು ಗಂಭೀರವಾದುದು. ಮಗ ಊಟಕ್ಕೂ ಬಾರದೆ ಎರಡು ಗಂಟೆ ಕಂಬಿ ಹಿಡಿದು ತಮ್ಮನ್ನೇ ನೋಡಿದ. ಬಂದ ದಾರಿಗೆ ಏನಾದರೊಂದು ಫಲ ಸಿಗಲೆಂದು ನಾನು, "ನೋಡಿ ಕಲಿ ಮಗಾ, ನಿಜವಾದ ಹುಲಿ ಅಂದ್ರೆ ಇದು" ಎಂದೆ. ಅವನು ತಲೆಯಾಡಿಸಿದ. ಮರುದಿನದಿಂದ ತಾಸೆಯ ಸದ್ದು ಕೇಳಿದರೆ ಬಚ್ಚಲಿಗೆ ಓಡುವುದು ನಿಂತಿತು. ಹಿತೇಶ್ ತಮ್ಮ ಉಪಾಯದ ಬಗ್ಗೆ ಕಂಡಕಂಡವರಿಗೆ ಹೇಳಿದರು. ನಾನು ಹೇಳಿದ್ದು ಇನ್ನೂ ಜಾಸ್ತಿ: ನಲವತ್ತಮೂರು ಜನರಿರುವ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ 'ನಮ್ಮ ಮರಿಹುಲಿಯ ಕುಣಿತಕ್ಕೆ ಎಲ್ಲರೂ ಬನ್ನಿ' ಎಂದು ಮಗನ ಫೋಟೋ ಹಾಕಿದೆ, ಕ್ಲಿನಿಕ್‌ನಲ್ಲಿ ಜತೆಗೆ ಕೆಲಸ ಮಾಡುವ ಗ್ಲೆನಿಟಾಗೆ ಇಡೀ ಕುಣಿತದ ವಿಡಿಯೋ ತೋರಿಸುತ್ತೇನೆಂದು ಮಾತು ಕೊಟ್ಟೆ, ಹಲ್ಲು ಕೀಳಿಸಲು ಬಂದವರಿಗೂ ಆಮಂತ್ರಣ ಕೊಟ್ಟೆ.

ಆ ದಿನ ಬಂತು. ಮೂವತ್ತು ವರ್ಷ ಹುಲಿಯಾಗಿ ಕುಣಿದು ಈಗ ತಂಡ ನಡೆಸುವ ಮಾಯಿಲಪ್ಪನವರು ತಮ್ಮ ಕೈಯಿಂದಲೇ ಮಗನಿಗೆ ಬಣ್ಣ ಹಾಕಿದರು. ಬಣ್ಣ ಒಣಗುವವರೆಗೆ ಎರಡು ಕೋಲುಗಳ ಮೇಲೆ ಕೈ ಚಾಚಿ ನಿಂತ ನನ್ನ ಮಗ ಒಂದು ಹನಿ ಕಣ್ಣೀರು ಹಾಕಲಿಲ್ಲ. ದೇವಿಯ ಮುಂದೆ ಪ್ರಾರ್ಥನೆಯಾಗಿ, ತಾಸೆ ಶುರುವಾಗಿ, ನಮ್ಮ ಬೀದಿಯ ಮೈದಾನದ ನಡುವೆ ಅವನನ್ನು ಬಿಟ್ಟರು. ಎರಡು ಹೆಜ್ಜೆ ನಡೆದ. ಸುತ್ತ ನೋಡಿದ. ನಿಧಾನವಾಗಿ ಮಗ್ಗುಲಾಗಿ ಮಲಗಿ, ಕೈಯನ್ನು ಮೋರೆಯ ಮೇಲೆ ಇಟ್ಟುಕೊಂಡ.

ತಾಸೆಯವರು ಪೆಟ್ಟು ಜೋರು ಮಾಡಿದರು. ನಾನು ಫೋನ್ ಎತ್ತಿ ಹಿಡಿದುಕೊಂಡೇ ಮುಂದೆ ನುಗ್ಗಿ, "ಏಳು ಮಗಾ, ಒಂದೇ ಒಂದು ಸ್ಟೆಪ್ ಹಾಕು, ವಿಡಿಯೋ ಆಗ್ತಾ ಉಂಟು" ಎಂದೆ. ಅವನು ಬೆರಳ ಸಂದಿಯಿಂದ ಒಂದು ಕಣ್ಣು ತೆರೆದು, ನನ್ನನ್ನು ನೋಡಿ, ಮಗ್ಗುಲು ಬದಲಿಸಿ, ಬೆನ್ನು ಹಾಕಿದ. ನಲವತ್ತಮೂರರಲ್ಲಿ ಮೂವತ್ತು ಮಂದಿ ನಕ್ಕರು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು; ಮಗನ ಮೇಲೆ ಒಂದಿಷ್ಟೂ ಕನಿಕರ ಹುಟ್ಟಲಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಮಾಯಿಲಪ್ಪನವರು ಮಾತ್ರ ಕೈ ಎತ್ತಿ ತಾಸೆ ನಿಲ್ಲಿಸಿ, "ಸಾಕು, ಹುಲಿ ಮಲಗಿದೆ" ಎಂದು, ಅವನನ್ನು ಹಾಗೆಯೇ ಎತ್ತಿಕೊಂಡು ದೇವಿಯ ಮುಂದೆ ಇಳಿಸಿದರು.

ಹರಕೆ ಕೆಟ್ಟಿತೆಂದು ಹೆದರಿ ನಾನು ಅತ್ತೆಯ ಕಾಲು ಹಿಡಿಯುವುದೊಂದು ಬಾಕಿ. ಅವರು ಎಲೆಯಡಿಕೆ ಮಡಚುತ್ತಾ, "ವೇಷ ಹಾಕಿಸ್ತೇನೆ ಅಂತ ನಾನು ಹೇಳಿದ್ದು. ಹಾಕಿಸಿ ಆಯ್ತು. ಕುಣಿಸ್ತೇನೆ ಅಂತ ಯಾರು ಹೇಳಿದ್ದು?" ಎಂದರು. ಯಾರು ಹೇಳಿದ್ದೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಸಮೇತ ದಾಖಲೆ ಇತ್ತು. ಎರಡು ತಿಂಗಳು ಅತ್ತೆಯ ಹರಕೆಯನ್ನು ಮನಸ್ಸಿನಲ್ಲೇ ಬೈದುಕೊಂಡು ಓಡಾಡಿದವಳು ನಾನು. ದೇವಿಯೂ ಕೇಳದ ಕುಣಿತವನ್ನು ಆರು ವರ್ಷದ ಮಗುವಿನಿಂದ ಕೇಳಿದವಳೂ ನಾನೇ.

ಸಂಜೆ ತೆಂಗಿನೆಣ್ಣೆ ಹಚ್ಚಿ ಮಗನ ಮೈಯ ಬಣ್ಣ ತೆಗೆಯುವಾಗಲೂ ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ಅವನು ಎಣ್ಣೆಗೆ ಕಣ್ಣು ಮುಚ್ಚಿಕೊಂಡೇ, "ಆ ಹುಲಿಗೆ ಹೆದರಿಕೆ ಆಗಿತ್ತಲ್ವಾ ಅಮ್ಮ? ಎಲ್ಲರೂ ಅದನ್ನೇ ನೋಡ್ತಾ ಇದ್ರು, ಪಪ್ಪ ಬೇರೆ ಬಡಿತಾ ಇದ್ರು. ಮೋರೆ ಮುಚ್ಚಿ ಮಲಗಿದ್ರೆ ಸ್ವಲ್ಪ ಕಮ್ಮಿ ಆಗ್ತದೆ. ನನಗೂ ಕಮ್ಮಿ ಆಯ್ತು" ಎಂದ.

ಮಾನ್ಯರೇ, ತಾವು ಸೋಮಾರಿಗಳೆಂದು ನಾನು ಕ್ಲಿನಿಕ್‌ನಲ್ಲೂ ಬಸ್ಸಿನಲ್ಲೂ ಹೇಳಿಕೊಂಡು ತಿರುಗಿದ್ದೆ. ಇನ್ನೂರು ಜನರಲ್ಲಿ ತಮ್ಮ ಹೆದರಿಕೆ ಕಂಡದ್ದು ಒಬ್ಬನಿಗೆ, ಅದೂ ಹೆದರುವ ಕೆಲಸದಲ್ಲಿ ಅವನಿಗೆ ಅನುಭವ ಇದ್ದದ್ದರಿಂದ. ಅವನ ಹೆದರಿಕೆ ಹೋಯಿತೆಂದು ನಾವು ಸಂಭ್ರಮಿಸಿದ ಹದಿನೈದು ದಿನವೂ ಅದು ಅವನ ಜತೆಯಲ್ಲೇ ಇತ್ತು. ಅವನ ಹತ್ತಿರ ಅಂದೇ ತಪ್ಪಾಯಿತೆಂದು ಹೇಳಿದೆ. ತಮ್ಮ ಹತ್ತಿರ ಈ ಮೂಲಕ ಹೇಳುತ್ತಿದ್ದೇನೆ. ಆದರೂ ದೂರನ್ನು ಹಿಂತೆಗೆದುಕೊಳ್ಳಲಾರೆ. ಹೆದರಿಕೆಯಾದಾಗ ಏನು ಮಾಡಬೇಕೆಂದು ನನ್ನ ಮಗ ನನ್ನನ್ನು ಕೇಳಬೇಕಿತ್ತು, ತಮ್ಮನ್ನು ನೋಡಿ ಕಲಿತ. ಇದರಿಂದ ನನಗಾದ ಹೊಟ್ಟೆಕಿಚ್ಚಿಗೆ ತಾವು ಏನು ಪರಿಹಾರ ಕೊಡುವಿರಿ ಎಂಬುದನ್ನು ಬಿಡುವು ಮಾಡಿಕೊಂಡು ತಿಳಿಸಬೇಕಾಗಿ ಕೋರುತ್ತೇನೆ.

ಬೇಲಿಯ ಈಚೆಗಿರುವ, ತಮ್ಮ ವಿಶ್ವಾಸಿ,
ಅಕ್ಷಿತಾ
ಶಕ್ತಿನಗರ, ಮಂಗಳೂರು

ತಾ.ಕ.: ಡಿಸೆಂಬರಿನಲ್ಲಿ ಶಾಲೆಯ ವಾರ್ಷಿಕೋತ್ಸವ. ಧನ್ವಿತ್‌ಗೆ ತೆಂಗಿನಮರದ ಪಾತ್ರ ಕೊಟ್ಟಿದ್ದಾರೆ. ಮರವು ನಗುಮುಖದಿಂದ ಹಾಡಿಗೆ ಸರಿಯಾಗಿ ಎಂಟು ಬಗೆಯ ಹೆಜ್ಜೆ ಹಾಕಬೇಕೆಂದು ಡೈರಿಯಲ್ಲಿ ಬರೆದು, ಕೆಳಗೆ ತಾಯಿಯ ಸಹಿ ಕೇಳಿದ್ದಾರೆ. ಮರದ ಹತ್ತಿರ ಒಂದು ಮಾತು ಕೇಳಿ ಹೇಳುತ್ತೇನೆಂದು ಬರೆದು ಕಳಿಸಿದ್ದೇನೆ. ಡೈರಿ ಇನ್ನೂ ವಾಪಸು ಬಂದಿಲ್ಲ.