ಮಿನಿವ್ಯಾನಿಗೆ ಬ್ಯಾಟರಿ ನೋಡಲು ಹೋದದ್ದು

ಹಳೆಯ ಗಾಡಿ ಇಟ್ಟುಕೊಂಡವನ ಮನೆಯಲ್ಲಿ ನಗುವಿಗೆ ಬರವಿಲ್ಲ. ನಗುವವರು ಮಾತ್ರ ಪಕ್ಕದ ಮನೆಯವರು. ಮುಂಬಯಿಯಲ್ಲಿ ಸಣ್ಣದೊಂದು ಕೇಟರಿಂಗ್ ನಡೆಸುವ ನನ್ನ ಹತ್ತಿರ ಒಂದು ಮಿನಿವ್ಯಾನ್ ಇದೆ. ಇಡ್ಲಿ, ಸಾಂಬಾರು, ಅಡುಗೆಭಟ್ಟರು, ಎಲ್ಲರ ಸವಾರಿಯೂ ಅದರಲ್ಲೇ. ಈ ಮಳೆಗಾಲದಲ್ಲಿ ಅದರ ಬ್ಯಾಟರಿ ಕೈಕೊಟ್ಟಿತು.

೧. ತಳ್ಳುವವರ ಬೇಸರ

ಬೆಳಿಗ್ಗೆ ಕೀ ತಿರುಗಿಸಿದರೆ ಗಾಡಿ ಬರೀ ನರಳುತ್ತಿತ್ತು. ನಮ್ಮ ಬಿಲ್ಡಿಂಗಿನಲ್ಲಿ ವಾಕಿಂಗ್ ಮಾಡುವ ನಿವೃತ್ತರೇ ಅದನ್ನು ಗೇಟಿನವರೆಗೆ ತಳ್ಳಿಕೊಡುತ್ತಿದ್ದರು. ಒಂದು ದಿನ ಯಾರ ಪುಣ್ಯವೋ, ಒಂದೇ ಸಲಕ್ಕೆ ಹೊರಟಿತು. ಹಿರಿಯರೊಬ್ಬರು ಮುಖ ಸಣ್ಣದು ಮಾಡಿಕೊಂಡು ಕಿಟಕಿಗೆ ಬಂದರು. "ಮೊದಲೇ ಹೇಳಬಾರದಾ? ಇದನ್ನು ನಂಬಿ ನಾನು ಯೋಗ ಕ್ಲಾಸ್ ಬಿಟ್ಟಿದ್ದೇನೆ."

ಇದೆಲ್ಲ ಬಾಲ್ಕನಿಯಿಂದ ನೋಡುತ್ತಿದ್ದ ಹೆಂಡತಿಗೆ ಸಾಕಾಗಿತ್ತು. "ರವಿವಾರ ಪವಾಯಿಯಲ್ಲಿ ಮದುವೆ ತಿಂಡಿ ಉಂಟು. ಅಲ್ಲಿ ಇದು ನಿಂತರೆ, ಸೋಮವಾರ ಗುಜರಿಗೆ" ಎಂದಳು. ನನ್ನ ಮೊದಲ ಸಂಪಾದನೆಯ ಗಾಡಿ ಅದು. ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ, ಮನಸ್ಸಿನಲ್ಲಿ.

೨. ಕಡಿಮೆ ಬೀಳಬಾರದು

ಬ್ಯಾಟರಿ ಅಂಗಡಿಗೆ ನಮ್ಮ ಅಡುಗೆಭಟ್ಟರೂ ಬಂದರು. "ಎಷ್ಟು ಆಂಪಿಯರ್?" ಎಂದು ಅಂಗಡಿಯವನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಭಟ್ಟರು, "ಇದ್ದದ್ದರಲ್ಲಿ ದೊಡ್ಡದು ಕೊಡಿ ಮಾರಾಯ್ರೆ. ನೂರು ಜನ ಅಂತ ಹೇಳಿದರೆ ನಾವು ನೂರೈವತ್ತು ಜನಕ್ಕೆ ಮಾಡುವವರು. ಕಡಿಮೆ ಬಿದ್ದರೆ ಮರ್ಯಾದೆ ಯಾರದ್ದು ಹೋಗುವುದು?" ಎಂದರು.

ನಮ್ಮ ವ್ಯಾನಿನಲ್ಲಿ ಬ್ಯಾಟರಿ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಮನೆಗೆ ತಂದು ಕೂರಿಸಿದರೆ ಸೀಟು ಮುಚ್ಚಲೊಲ್ಲದು. ಭಟ್ಟರು ಬಿಡುವವರೇ? ಹೇಗಿದೆ ನೋಡುವ ಎಂದು ಅದರ ಮೇಲೆ ಹತ್ತಿ ಕೂತರು. ತಲೆ ಹೋಗಿ ಛಾವಣಿಗೆ ಅಂಟಿತು, ಕುತ್ತಿಗೆ ಒಂದು ಬದಿಗೆ ವಾಲಿತು.

"ಹೇಗುಂಟು?" ಎಂದೆ.

"ಬ್ಯಾಟರಿ ಅಡ್ಡಿಯಿಲ್ಲ. ಗಾಡಿ ಸ್ವಲ್ಪ ಸಣ್ಣದಾಯಿತು."

೩. ಬೀಗರ ಪಂಕ್ತಿ

ಅದನ್ನು ವಾಪಸು ಕೊಟ್ಟು ಅಳತೆಗೆ ಸರಿಯಾದ ಇನ್ನೊಂದು ತಂದೆವು. ಹೊಂಡದಲ್ಲಿ ಚೆನ್ನಾಗಿ ಕೂತಿತು. ಆದರೆ ಪ್ಲಸ್ ಎಡಕ್ಕೆ ಇರಬೇಕಾದಲ್ಲಿ ಬಲಕ್ಕಿತ್ತು. ಗಾಡಿಯ ವೈರು ಅಲ್ಲಿಗೆ ಎಟುಕದು. "ತಿರುಗಿಸಿ ಇಟ್ಟರಾಯಿತಲ್ಲ" ಎಂದರು ಭಟ್ಟರು. ತಿರುಗಿಸಿದೆವು. ಪ್ಲಸ್ ಎಡಕ್ಕೇನೋ ಬಂತು, ಆದರೆ ಪ್ಲಸ್, ಮೈನಸ್ ಎರಡೂ ತಲೆಗಳು ಹೊಂಡದ ಹಿಂದಿನ ಗೋಡೆಗೆ ಹೋದವು. ಈಗ ಯಾವ ವೈರೂ ಎಟುಕದು. ಭಟ್ಟರು ಬೆವರು ಒರೆಸಿಕೊಂಡು, "ಬೀಗರನ್ನು ಪಂಕ್ತಿಯಲ್ಲಿ ಕೂರಿಸುವುದು ಇದಕ್ಕಿಂತ ಸಲೀಸು" ಎಂದರು.

ಅಂಗಡಿಯವನ ತಾಳ್ಮೆ ಮುಗಿದಿತ್ತು. "ಹಳೇ ಬ್ಯಾಟರಿ ತನ್ನಿ. ಅದನ್ನು ನೋಡಿ ಅಂಥದ್ದೇ ಕೊಡ್ತೇನೆ." ಮನೆಗೆ ಓಡಿ ಹುಡುಕಿದರೆ ಹಳೆಯದು ನಾಪತ್ತೆ. ಹೆಂಡತಿಯನ್ನು ಕೇಳಿದೆ.

"ಗುಜರಿಯವನಿಗೆ ಕೊಟ್ಟೆ. ಗಾಡಿ ಹಿಂದಿನಿಂದ ಬರ್ತದೆ ಅಂತ ಹೇಳಿದ್ದೇನೆ."

೪. ಹಿಂದಿನ ಗೇಟು

ಕೊನೆಗೆ ಗಾಡಿಯನ್ನೇ ಅಂಗಡಿಗೆ ತಳ್ಳಿಕೊಂಡು ಹೋಗಿ, ಸರಿಯಾದ ಬ್ಯಾಟರಿ ಹಾಕಿಸಿದೆ. ರವಿವಾರ ಗಾಡಿ ಮೊದಲ ಕೂಗಿಗೇ ಎದ್ದಿತು. ಹೆಂಡತಿಯನ್ನೂ ಕೂರಿಸಿಕೊಂಡು ಮೊದಲು ಗಂಡಿನ ಕಡೆಯವರು ಇಳಿದುಕೊಂಡಿದ್ದ ಬಿಲ್ಡಿಂಗಿಗೆ ಹೋಗಿ ಅವರ ತಿಂಡಿ ಕೊಟ್ಟೆವು. ಅಲ್ಲಿ ನೋಡಿದರೆ ಮದುಮಗನಿಗೆಂದು ಹೂವಿನ ಅಲಂಕಾರ ಮಾಡಿದ ಹೊಚ್ಚ ಹೊಸ ಕಾರು ಸ್ತಬ್ಧ! ಬೆಳಿಗ್ಗೆಯಿಂದ ಹಾಡು, ಲೈಟು ಹಾಕಿಟ್ಟು ಅದರ ಬ್ಯಾಟರಿ ಹೀರಿಬಿಟ್ಟಿದ್ದರು. ಆಟೋಮ್ಯಾಟಿಕ್ ಕಾರು, ತಳ್ಳಿದರೂ ಹೊರಡದ ಜಾತಿ. ಮುಹೂರ್ತ ಹತ್ತಿರ ಬಂದಿತ್ತು.

"ನೋಡ್ತಾ ನಿಂತದ್ದೆಂತ? ಮದುಮಗನನ್ನು ಹತ್ತಿಸಿ!" ಎಂದು ಗದರಿದವಳು ನನ್ನ ಹೆಂಡತಿಯೇ. ಜರತಾರಿ ಪೇಟದ ಮದುಮಗ ಮಂಟಪಕ್ಕೆ ಒಯ್ಯಬೇಕಿದ್ದ ಸಾಂಬಾರಿನ ಪಾತ್ರೆಗಳ ನಡುವೆ, ಬೋರಲು ಹಾಕಿದ ಡಬರಿಯ ಮೇಲೆ ಕೂತ.

ಮದುವೆ ಮಂಟಪದ ಗೇಟಿನಲ್ಲಿ ಆರತಿ ತಟ್ಟೆ ಹಿಡಿದು ಹೆಂಗಸರು ಕಾಯುತ್ತಿದ್ದರು. ವಾಚ್‌ಮನ್ ನಮ್ಮನ್ನು ಕಂಡದ್ದೇ ಕೋಲು ಅಡ್ಡ ಹಿಡಿದು ಹಿಂದಿನ ಗೇಟು ತೋರಿಸಿದ. "ಕೇಟರಿಂಗ್ ಪೀಛೇ ಸೇ!"

ಮದುಮಗ ಪಾಪ, ಪೇಟದ ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿ, ತಾನೇ ಮದುಮಗನೆಂದು ಗೋಗರೆದ: "ಭಯ್ಯಾ, ಮೈಂ ದೂಲ್ಹಾ ಹೂಂ."

"ದೂಲ್ಹಾ ಇರಬಹುದು. ಗಾಡಿ ಹಿಂದಿನಿಂದಲೇ ಹೋಗಬೇಕು."

ಹೀಗೆ ಅಡುಗೆಮನೆಯ ಬಾಗಿಲಿನಿಂದ ಮದುಮಗನ ಪ್ರವೇಶವಾಯಿತು. ಕಾಫಿಗೆಂದು ಅಲ್ಲಿ ಬಂದು ಕೂತಿದ್ದ ಮದುಮಗಳ ಅಜ್ಜಿ, ಪಂಚೆಯ ಮೇಲೆ ಚಟ್ನಿ ಬಿದ್ದ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಂಜಿನಿಯರ್ ಅಂತ ಹೇಳಿದ್ರು. ಅಡುಗೆಯವನಾ? ಮೊದಲೇ ಹೇಳಿದ್ದರೆ ನಾನು ಆವತ್ತೇ ಒಪ್ಪುತ್ತಿದ್ದೆನಲ್ಲ!"

ಸೋಮವಾರ ಬೆಳಿಗ್ಗೆ ಗುಜರಿಯವನು ಹಗ್ಗ ಸಮೇತ ಬಾಗಿಲಿಗೆ ಬಂದ. ನಾನು ಗಾಡಿಯ ಕೀ ಜೇಬಿಗಿಳಿಸಿದೆ. ಹೆಂಡತಿ ಹೊರಗೆ ಹೋಗಿ ಸೆರಗು ಬಿಗಿದು ನಿಂತಳು. ಮದುಮಗನನ್ನು ಮುಹೂರ್ತಕ್ಕೆ ಮುಟ್ಟಿಸಿದ ಗಾಡಿ, ಕೊಡುವ ಮಾತೇ ಇಲ್ಲ ಎಂದು ಹಿಂದಿಯಲ್ಲಿ ಗಟ್ಟಿಯಾಗಿಯೇ ಹೇಳಿದಳು. ಸಂತೋಷಕ್ಕೆ ನನಗೆ ಕಣ್ಣೀರೇ ಬಂತು.

ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲದ ಗುಜರಿಯವನು ಕೇಳಿದ: "ಬೇರೆ ಏನಾದರೂ ಹಳೇದು ಇದೆಯಾ, ಭಾಭೀ?"

ಅವಳು ತಿರುಗಿ ನನ್ನನ್ನೊಮ್ಮೆ ಸಾವಕಾಶವಾಗಿ ನೋಡಿದಳು.

"ಯೋಚಿಸಿ ಹೇಳ್ತೇನೆ."